ಬೆನ್ನ ಹಿಂದಿನ ಜಿಪ್

ನನ್ನ ಗಂಡನಿಗೆ ಬೈಕ್ ಓಡಿಸುವ ಸೂಟ್ ಕೊಳ್ಳಲು ಹೋಗಿದ್ದೆವು. ಜಾಕೆಟ್ ಬೇರೆ, ಪ್ಯಾಂಟ್ ಬೇರೆ. ಸೊಂಟದ ಹತ್ತಿರ ಒಂದು ಜಿಪ್ ಎರಡನ್ನೂ ಸೇರಿಸುತ್ತದೆ.

"ಇದು ಸೊಂಟದ ಸುತ್ತಲೂ ಬರೋ ಜಿಪ್. ಬಿದ್ರೂ ಜಾಕೆಟ್ ಮೇಲಕ್ಕೆ ಸರಿಯೋದಿಲ್ಲ," ಎಂದಳು ಅಂಗಡಿಯವಳು. "ಆದ್ರೆ ಹಿಂದಿನಿಂದ ಇನ್ನೊಬ್ರು ಎಳೀಬೇಕು."

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿಬಿಟ್ಟರು: "ಅದಕ್ಕೇನಂತೆ, ನಮ್ಮ ಬೈಕ್ ಗುಂಪಿನ ಡ್ರಾಯಿಂಗ್ ಟೀಚರ್ ಎಳೀತಾಳೆ. ಅವಳದನ್ನ ನಾನೇ ತಾನೆ ಎಳೆಯೋದು."

ನಾನು ಆ ಸೂಟನ್ನು ಪಕ್ಕಕ್ಕೆ ತಳ್ಳಿ, ಗೇಣುದ್ದದ ಜಿಪ್ ಇದ್ದ ಇನ್ನೊಂದನ್ನು ಎತ್ತಿಕೊಂಡೆ.

"ಇದನ್ನ ಒಬ್ರೇ ಹಾಕ್ಕೋಬಹುದು," ಎಂದಳು ಅಂಗಡಿಯವಳು. "ಆದ್ರೆ ಬಿದ್ರೆ ಬೆನ್ನು ತರಚುತ್ತಲ್ಲ ಮೇಡಂ?"

"ತರಚಲಿ ಬಿಡಿ," ಎಂದೆ. "ಮುಲಾಮು ಹಚ್ಚೋಳು ನಾನೇ."