ಅತ್ತೆಯ ಸ್ಲೈಡ್

ಆಸ್ಪತ್ರೆಯ ರಕ್ತ ತೆಗೆಯುವ ಕೋಣೆಯಲ್ಲಿ ಅವಳಿಗೆ ಸೊಳ್ಳೆ ಅಂತ ಹೆಸರು ಬಿದ್ದಿತ್ತು. ಇಟ್ಟದ್ದು ಸಕ್ಕರೆ ಕಾಯಿಲೆಗೆ ಆಗಾಗ ಬರುವ ಒಬ್ಬ ತಾತ. ಸೂಜಿ ಒಳಗೆ ಹೋಗಿ ಹೊರಗೆ ಬಂದದ್ದೇ ತಿಳಿಯದೆ ಅವರು, ಇನ್ನೂ ಯಾಕಮ್ಮ ಶುರು ಮಾಡಿಲ್ಲ ಅಂತ ಕೇಳಿದ್ದರು. ಆಗಲೇ ಆಯ್ತು ತಾತ ಅಂದರೆ, ಸೊಳ್ಳೆಯಾದರೂ ಹೇಳಿ ಕಚ್ಚುತ್ತೆ, ನೀನು ಅದಕ್ಕಿಂತ ಕಳ್ಳಿ ಅಂದಿದ್ದರು. ಅಂದಿನಿಂದ ಅಳುವ ಮಕ್ಕಳು, ನರ ಸಿಗದ ಮುದುಕಿಯರು ಎಲ್ಲರನ್ನೂ ಸೊಳ್ಳೆಯ ಕುರ್ಚಿಗೇ ಕಳಿಸುತ್ತಿದ್ದರು. ಅವಳು ಅದೂ ಇದೂ ಮಾತಾಡಿಸುತ್ತಲೇ ಕೆಲಸ ಮುಗಿಸಿಬಿಡುತ್ತಿದ್ದಳು.

ಹಗಲು ಈ ಕೆಲಸ, ಸಂಜೆ ಆಸ್ಪತ್ರೆ ತಂತ್ರಜ್ಞರ ಕೋರ್ಸಿಗೆ ಕಾಲೇಜು. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ, ಆಮೇಲೆ ದಾರಿ ಕವಲಾಗುತ್ತಿತ್ತು. ಒಂದು ಡಯಾಲಿಸಿಸ್, ಇನ್ನೊಂದು ಬಯಾಪ್ಸಿ ಲ್ಯಾಬ್. ಎರಡು ಕಡೆಯೂ ಒಂದೊಂದು ತಿಂಗಳು ಕೆಲಸ ಮಾಡಿ ನೋಡಿ, ಕೊನೆಗೆ ಯಾವುದು ಅಂತ ಹೇಳಬೇಕು. ಹೇಳಿದ ಮೇಲೆ ಬದಲಾಯಿಸುವ ಹಾಗಿಲ್ಲ.

ಸಂಜೆ ಕಾಲೇಜಿನ ಮೇಷ್ಟ್ರಿಗೆ ಇದರಲ್ಲಿ ಯೋಚಿಸುವುದಕ್ಕೇ ಏನೂ ಕಾಣಲಿಲ್ಲ. ಯಂತ್ರಕ್ಕೆ ಕಟ್ಟಿಹಾಕಿದ ಹಾಗೆ ಗಂಟೆಗಟ್ಟಲೆ ಮಲಗುವ ಜನಕ್ಕೆ ಹಗುರವಾದ ಕೈ ಬೇಕು, ಬೆಚ್ಚಗಿನ ಮಾತು ಬೇಕು, ಎರಡೂ ನಿನ್ನ ಹತ್ತಿರ ಇವೆ ಅಂದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ, ಎಂಜಿನ್ ತಾನಾಗಿ ಎಳೆಯುವ ಕಡೆಗೆ ಗೇರ್ ಹಾಕು ಅಂದ. ಡಯಾಲಿಸಿಸ್ ತಿಂಗಳು ನಿಜಕ್ಕೂ ಚೆನ್ನಾಗಿಯೇ ಹೋಯಿತು. ಕೊನೆಯ ದಿನ ಒಬ್ಬ ಹೆಂಗಸು ಕೈ ಹಿಡಿದು ಅತ್ತರು. ಆದರೆ ಬಸ್ಸು ಹತ್ತಿ ಕೂತರೆ ಅವಳ ಮನಸ್ಸಿನಲ್ಲಿ ಯಾವುದೂ ಉಳಿಯುತ್ತಿರಲಿಲ್ಲ. ಊಟದ ತಟ್ಟೆ ತೊಳೆದಿಟ್ಟ ಹಾಗೆ ಖಾಲಿ. ಇಷ್ಟು ಒಳ್ಳೆಯ ಕೆಲಸ ನನಗೆ ಯಾಕೆ ರುಚಿಸುವುದಿಲ್ಲ, ನಾನೇ ಕೆಟ್ಟವಳಾ ಅಂತ ಒಳಗೊಳಗೇ ಕೊರಗುತ್ತಿದ್ದಳು.

ಬಯಾಪ್ಸಿ ಲ್ಯಾಬ್ ನೆಲಮಾಳಿಗೆಯಲ್ಲಿತ್ತು. ಅಲ್ಲಿಗೆ ಜನ ಬರುತ್ತಿರಲಿಲ್ಲ, ಜನರ ಮೈಯಿಂದ ಕತ್ತರಿಸಿದ ಚೂರುಗಳು ಬರುತ್ತಿದ್ದವು. ಚೂರನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಯಂತ್ರದ ಅಲಗಿನಿಂದ ಪದರ ಪದರವಾಗಿ ಸೀಳಿ, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಹಾಲಿನ ಕೆನೆ ಎತ್ತುವ ಹಾಗೆ ಗಾಜಿನ ಪಟ್ಟಿಯ ಮೇಲೆ ಎತ್ತಬೇಕು. ಆಮೇಲೆ ಗುಲಾಬಿ, ನೇರಳೆ ಬಣ್ಣ, ಆಮೇಲೆ ಮೈಕ್ರೋಸ್ಕೋಪು. ನರ ಹಿಡಿಯುವಾಗ ಕಲ್ಲಿನಂತೆ ನಿಲ್ಲುತ್ತಿದ್ದ ಅವಳ ಕೈ ಇಲ್ಲಿ ನಡುಗುತ್ತಿತ್ತು. ಪದರಗಳು ಮಡಚಿಕೊಳ್ಳುತ್ತಿದ್ದವು, ಹರಿಯುತ್ತಿದ್ದವು. ಲ್ಯಾಬಿನ ಹಿರಿಯ ತಂತ್ರಜ್ಞೆಯನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಅವರು ಅವಳ ಒಂದು ಸ್ಲೈಡ್ ಎತ್ತಿ ಹಿಡಿದು, ಇದು ಬಯಾಪ್ಸಿಯೋ, ಕರ್ಚೀಫೋ ಅಂತ ಕೇಳಿದ್ದರು.

ಆದರೂ ಕಣ್ಣು ಮೈಕ್ರೋಸ್ಕೋಪಿಗೆ ಹಚ್ಚಿದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮನೆಗೆ ಬಂದು ಕಣ್ಣು ಮುಚ್ಚಿದರೂ ಗುಲಾಬಿ, ನೇರಳೆ. ಇಷ್ಟ ಅನ್ನುವುದೂ ಒಂದು ಅರ್ಹತೆಯಾ? ಹಾಗೆ ಹೇಳಲು ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ.

ಆ ತಿಂಗಳಲ್ಲೇ ಅತ್ತೆಯ ಡಬ್ಬಿ ಬಂತು.

ಅತ್ತೆ ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಇವಳ ಅಮ್ಮ ತೀರಿಕೊಂಡಾಗ ನಾಲ್ಕು ದಿನ ಇದ್ದು ಹೋಗುತ್ತೇನೆ ಅಂತ ಹೊಲಿಗೆ ಮಿಷನ್ ಸಮೇತ ಬಂದವಳು ಮತ್ತೆ ಹೋಗಲೇ ಇಲ್ಲ. ಶಾಲೆ ಮಕ್ಕಳ ಯೂನಿಫಾರಂ ಹೊಲಿದೇ ಸೊಸೆಯನ್ನು ಬೆಳೆಸಿದಳು. ಎದೆಯಲ್ಲಿ ಗಂಟು ಕಂಡಾಗ, ಶಾಲೆ ಶುರುವಾಗುವ ಕಾಲ, ಕೈತುಂಬ ಕೆಲಸ ಅಂತ ಬಾಯಿ ಬಿಡಲಿಲ್ಲ. ಬಿಟ್ಟಾಗ ತಡವಾಗಿತ್ತೋ ಇಲ್ಲವೋ ಅನ್ನುವುದನ್ನು ಆ ಡಬ್ಬಿಯೊಳಗಿನ ಚೂರೇ ಹೇಳಬೇಕಿತ್ತು.

ಡಬ್ಬಿಯ ಮೇಲಿನ ಹೆಸರು ನೋಡಿ ದೊಡ್ಡಕ್ಕ, ಇವತ್ತು ಬೇರೆ ಕೆಲಸ ನೋಡ್ಕೊ ಅಂದರು. ಪರವಾಗಿಲ್ಲ ಅಂತ ಅವಳೇ ಹಟ ಹಿಡಿದಳು. ಅಚ್ಚು ಯಂತ್ರಕ್ಕೆ ಏರಿತು. ಪ್ರತಿ ಅಚ್ಚಿನಿಂದಲೂ ಮೊದಲು ಬರುವುದು ಮೇಲು ಮೇಲಿನ ಒರಟು ಪದರಗಳು. ಅವನ್ನು ಎಸೆಯುತ್ತಾರೆ, ಇಲ್ಲವೇ ಕಲಿಯುವವರ ಬಣ್ಣದ ಅಭ್ಯಾಸಕ್ಕೆ ಕೊಡುತ್ತಾರೆ. ಕಲಿಯೋಕೆ ಕೊಟ್ಟ ಪದರಕ್ಕೆ ನಾಲಿಗೆ ಇಲ್ಲ, ಅದನ್ನು ನೋಡಿ ರೋಗ ಇದೆ, ಇಲ್ಲ ಅನ್ನಬಾರದು ಅಂತ ದೊಡ್ಡಕ್ಕ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅವರು ಫೋನಿಗೆ ಹೋದ ಹೊತ್ತಿನಲ್ಲಿ ಅವಳು ನೀರಿನಲ್ಲಿ ತೇಲುತ್ತಿದ್ದ ಒಂದು ಒರಟು ಪದರ ಎತ್ತಿ, ಬಣ್ಣ ಹಾಕಿ, ನೋಡಿಯೇಬಿಟ್ಟಳು.

ಎಲ್ಲ ಅಚ್ಚುಕಟ್ಟು. ದುಂಡಗಿನ ಗೂಡುಗಳು, ಸುತ್ತ ಸಾಲಾಗಿ ಕೂತ ಜೀವಕಣಗಳು, ನಡುವೆ ತಿಳಿ ಗುಲಾಬಿ. ಪುಸ್ತಕದಲ್ಲಿ ಆರೋಗ್ಯದ ಪುಟ ಹೇಗಿತ್ತೋ ಹಾಗೇ. ಅವಳಿಗೆ ಉಸಿರು ಬಂತು. ಎಷ್ಟು ದಿನದಿಂದ ಹಿಡಿದಿಟ್ಟ ಉಸಿರೋ.

ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ, ಏನೂ ಇಲ್ಲ ಅತ್ತೆ, ನನ್ನ ಕಣ್ಣಾರೆ ನೋಡಿದೆ ಅಂದುಬಿಟ್ಟಳು. ಅತ್ತೆ ಮೊದಲು ನಂಬಲಿಲ್ಲ. ಆಮೇಲೆ ಗೋಡೆಗೆ ಒರಗಿ ನಿಂತು ಸ್ವಲ್ಪ ಅತ್ತಳು, ಆಮೇಲೆ ನಕ್ಕಳು. ವಾರಗಟ್ಟಲೆ ಮೂಲೆಗೆ ಬಿದ್ದಿದ್ದ ನೀಲಿ ಬಟ್ಟೆಯ ಕಟ್ಟು ಬಿಚ್ಚಿ ಮಿಷನ್ ಮುಂದೆ ಕೂತಳು. ಸುಮ್ಮನೆ ನಮ್ಮನ್ನೆಲ್ಲ ಗೋಳು ಹುಯ್ದುಕೊಂಡಳು ಇವಳು ಅಂತ ಅಪ್ಪ ಅಕ್ಕನನ್ನು ರೇಗಿಸಿದ. ನಿನ್ನ ಹಳೇ ಬಸ್ಸುಗಳಿಗಿಂತ ನಾನೇ ವಾಸಿ ಕಣೋ ಅಂತ ಅತ್ತೆ ತಿರುಗೇಟು ಕೊಟ್ಟಳು.

ಮರುದಿನ ದೊಡ್ಡಕ್ಕ ಸೀಳಿದ ಒಳಗಿನ ಪದರ ಸಿದ್ಧವಾಗಿತ್ತು. ಡಾಕ್ಟರಿಗೆ ಹೋಗುವ ಮುಂಚೆ ಬಣ್ಣ ಸರಿಯಾಗಿ ಹಿಡಿದಿದೆಯಾ ಅಂತ ನೋಡುವುದು ವಾಡಿಕೆ. ದೊಡ್ಡಕ್ಕ ನೋಡಿ, ಎದ್ದು ಕೈ ತೊಳೆಯಲು ಹೋದರು. ಅವಳು ಆ ಜಾಗದಲ್ಲಿ ಕೂತಳು.

ಗೂಡುಗಳು ಒಡೆದುಹೋಗಿದ್ದವು. ಕಡು ನೇರಳೆ ಕಣಗಳು ಸಾಲು ಬಿಟ್ಟು ಗುಲಾಬಿಯೊಳಗೆ ನುಗ್ಗಿದ್ದವು. ಒಂದು ಕಡೆ ಒಂಟಿಯಾಗಿ, ಇನ್ನೊಂದು ಕಡೆ ಇರುವೆ ಹರಿದ ಹಾಗೆ. ಅವಳು ಸ್ಲೈಡನ್ನು ಸರಿಸಿದಳು. ಇಲ್ಲಿ ಕವಲು, ಅಲ್ಲಿ ತಿರುವು. ಇದು ಯಾವ ಕಡೆಯಿಂದ ಹೊರಟಿತು, ಇದಕ್ಕೆ ಗೋಡೆ ಯಾಕೆ ಅಡ್ಡ ಬರಲಿಲ್ಲ? ಮತ್ತೆ ಸರಿಸಿದಳು. ಪುಸ್ತಕದ ಯಾವ ಚಿತ್ರವೂ ಇಷ್ಟು ಸ್ಪಷ್ಟವಾಗಿರಲಿಲ್ಲ, ಇಷ್ಟು ಚೆಂದವಾಗಿರಲಿಲ್ಲ. ಇನ್ನೂ ಒಂದು ಮೂಲೆ ಬಾಕಿಯಿತ್ತು.

ದೊಡ್ಡಕ್ಕ ಬಂದು ಮೈಕ್ರೋಸ್ಕೋಪಿನ ದೀಪ ಆರಿಸಿದರು.

"ಇಷ್ಟು ಹೊತ್ತು ಏನು ನೋಡ್ತಿದ್ದೆ?"

ಆಗ ಅವಳಿಗೆ ಹೊಳೆಯಿತು. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಅತ್ತೆ ನೆನಪಿಗೆ ಬಂದಿರಲಿಲ್ಲ.

ಅವಳು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಕದ್ದು ನೋಡಿದ ಪದರ, ಮನೆಯಲ್ಲಿ ಆಡಿದ ಮಾತು, ಈಗ ನೋಡುತ್ತ ಕೂತದ್ದು. ದೊಡ್ಡಕ್ಕ ಗದರುತ್ತಾರೆ, ನಾಳೆಯಿಂದ ಬರಬೇಡ ಅನ್ನುತ್ತಾರೆ ಅಂದುಕೊಂಡಿದ್ದಳು. ಅನ್ನಲಿ ಅಂತಲೂ ಇತ್ತು, ಆಗ ಎರಡರಲ್ಲಿ ಒಂದನ್ನು ಆರಿಸುವ ಕಷ್ಟವೇ ಇರುತ್ತಿರಲಿಲ್ಲ.

"ಕದ್ದು ನೋಡಿ ಮನೇಲಿ ಹೇಳಿದ್ದು ತಪ್ಪು," ಅಂದರು ದೊಡ್ಡಕ್ಕ. "ಅದನ್ನ ನೀನೇ ಹೋಗಿ ಸರಿ ಮಾಡ್ಬೇಕು. ಈಗ ಮೈಮರೆತು ನೋಡಿದ್ದು ತಪ್ಪಲ್ಲ. ಅದು ಬಂದವರಿಗೆ ಬರುತ್ತೆ, ಇಲ್ಲದವರಿಗೆ ಇಲ್ಲ. ಅದು ಬಂತು ಅಂತ ಖುಷಿ ಪಡೋ ದಿನ ಮಾತ್ರ ಇದಲ್ಲ."

ಸಂಜೆ ಅವಳು ಕಾಲೇಜು ತಪ್ಪಿಸಿ ಮನೆಗೆ ಬಂದಳು. ಅತ್ತೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕಾಲರ್ ಕೂರಿಸುತ್ತಿದ್ದಳು.

"ಅತ್ತೆ, ನಿನ್ನೆ ನಾನು ಹೇಳಿದ್ದು ತಪ್ಪು."

ಅತ್ತೆ ಬಾಯಿಂದ ಒಂದೊಂದೇ ಪಿನ್ನು ತೆಗೆದು ಡಬ್ಬಿಗೆ ಹಾಕಿದಳು. ಡಾಕ್ಟರು ಹೇಳಿದ್ರಾ ಅಂತ ಕೇಳಿದಳು. ಇಲ್ಲ, ಅವರು ಇನ್ನೂ ನೋಡಬೇಕು, ಆದರೆ ನಾನು ನೋಡಿದೆ, ದೊಡ್ಡಕ್ಕನೂ ನೋಡಿದರು ಅಂದಳು ಅವಳು. ಒರಟು ಪದರದ ವಿಷಯ ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಅತ್ತೆಗೆ ಅರ್ಥವಾಗಲು ಅಷ್ಟೇ ಸಾಕಾಯಿತು.

"ಬಟ್ಟೆ ತಾನಿನ ಮೇಲಿನ ಸುತ್ತು ನೋಡಿ ಒಳಗೂ ಚೆನ್ನಾಗಿದೆ ಅಂದ್ಬಿಟ್ಟೆ."

"ಹೂಂ."

"ಒಂದು ರಾತ್ರಿ ನಿದ್ದೆಯಾದ್ರೂ ಬಂತು ಬಿಡು." ಅತ್ತೆ ಕಾಲರನ್ನು ಮಡಚಿ ಬಿಚ್ಚಿ ಮಾಡಿದಳು. "ಹೇಗಿತ್ತೇ ನೋಡೋಕೆ?"

ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ, ಇವತ್ತಂತೂ ಇಲ್ಲ. ನೇರಳೆ ಬಣ್ಣ, ನುಗ್ಗಿದ ರೀತಿ, ಕವಲುಗಳು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ದನಿ ತನಗೆ ತಿಳಿಯದೆ ಮೇಲೇರಿತ್ತು, ಕೈ ಗಾಳಿಯಲ್ಲಿ ಚಿತ್ರ ಬರೆಯುತ್ತಿತ್ತು. ಅದು ಗೊತ್ತಾದಾಗ ನಾಲಿಗೆ ಕಚ್ಚಿಕೊಂಡು ನಿಲ್ಲಿಸಿದಳು.

ಅತ್ತೆ ಅವಳನ್ನೇ ನೋಡುತ್ತಿದ್ದಳು. ಹೊಸದಾಗಿ ಪರಿಚಯವಾದವರನ್ನು ನೋಡುವ ಹಾಗೆ.

"ಆ ರೋಗಿಗಳ ಕೆಲಸದ ಬಗ್ಗೆ ನೀನು ಯಾವತ್ತೂ ಹಿಂಗೆ ಮಾತಾಡಿಲ್ಲ," ಅಂದಳು. "ಆ ಲ್ಯಾಬ್ ಕೆಲಸಾನೇ ತಗೊ. ನಿನ್ನ ಮೇಷ್ಟ್ರಿಗೆ ನಾನು ಹೇಳಿದೆ ಅನ್ನು."

"ನಿನ್ನ ಪಕ್ಕದಲ್ಲಿ ಇರೋ ಕೆಲಸ ಅಲ್ಲ ಅತ್ತೆ ಅದು."

"ಗೊತ್ತು." ಪಿನ್ನಿನ ಡಬ್ಬಿ ಮುಚ್ಚಿ ಅತ್ತೆ ಸೇರಿಸಿದಳು, "ಒಂದು ಮಾತು. ಮುಂದೆ ನನ್ನದು ಏನಾದ್ರೂ ಅಲ್ಲಿಗೆ ಬಂದ್ರೆ ನೀನು ನೋಡ್ಬೇಡ. ನನ್ನನ್ನ ಇಲ್ಲಿಂದ ನೋಡು, ಸಾಕು."

ಆಗಲಿ ಅಂದಳು.

ಬಯಾಪ್ಸಿ ಲ್ಯಾಬ್ ಅಂತ ಹೇಳಿದಾಗ ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಇಂಥ ಕೈ ಇಟ್ಟುಕೊಂಡು ನೆಲಮಾಳಿಗೆಗೆ ಇಳಿಯುತ್ತೀಯಾ, ಕಾರಣ ಏನು ಅಂತ ಕೇಳಿದರು. ಅಲ್ಲಿ ಮನಸ್ಸು ನಿಲ್ಲುತ್ತೆ ಸರ್ ಅಂದಳು. ಆ ಮನಸ್ಸು ಯಾರ ಸ್ಲೈಡಿನ ಮೇಲೆ ನಿಂತದ್ದು ಅಂತ ಹೇಳುವ ಧೈರ್ಯ ಬರಲಿಲ್ಲ.

ಅತ್ತೆಗೆ ಆಪರೇಷನ್ ಆಯಿತು, ಔಷಧಿ ಶುರುವಾಯಿತು, ಕೂದಲು ಹೋಯಿತು. ಹೆಲ್ಮೆಟ್ ತೆಗೆದ ಹಾಗಾಯ್ತು ಅಂತ ಅವಳೇ ನಗಾಡಿದಳು. ಆಸ್ಪತ್ರೆಗೆ ಅಪ್ಪ ರಜೆ ಹಾಕಿ ಕರೆದುಕೊಂಡು ಹೋಗುತ್ತಿದ್ದ. ಅವಳು ಕೆಳಗೆ ನೆಲಮಾಳಿಗೆಯಲ್ಲಿ ಬೇರೆಯವರ ಪದರಗಳನ್ನು ನೀರಿನಿಂದ ಎತ್ತುತ್ತಿದ್ದಳು. ಪದರಗಳು ಈಗ ಹರಿಯುತ್ತಿರಲಿಲ್ಲ.

ಮುಂದಿನ ವರ್ಷ ಅತ್ತೆಯ ಕಂಕುಳಲ್ಲಿ ಮತ್ತೊಂದು ಗಂಟು ಎದ್ದಿತು. ಆ ಡಬ್ಬಿಯನ್ನು ಕೈಗೆ ತೆಗೆದುಕೊಂಡವಳು ಅವಳೇ. ಹೆಸರು ಓದಿ ದೊಡ್ಡಕ್ಕನ ಮೇಜಿನ ಮೇಲಿಟ್ಟು, ಪಕ್ಕದ ಕೋಣೆಗೆ ಹೋಗಿ ಮೇಣ ಕಾಯಿಸುತ್ತ ನಿಂತಳು. ಮರುದಿನ ಅದು ಮೈಕ್ರೋಸ್ಕೋಪಿನ ಕೆಳಗೆ ಇದ್ದಾಗಲೂ ಅಲ್ಲಿಯೇ ನಿಂತಿದ್ದಳು. ಹೋಗಿ ನೋಡಬೇಕು ಅಂತ ಕಣ್ಣು ಹಟ ಮಾಡುತ್ತಿತ್ತು. ದೊಡ್ಡಕ್ಕ ಸ್ಲೈಡ್ ಎತ್ತಿಕೊಂಡು ಡಾಕ್ಟರ ಕೋಣೆಗೆ ಹೋದರು, ಬಂದರು, ಮುಂದಿನ ಅಚ್ಚಿಗೆ ಕೈ ಹಾಕಿದರು. ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಕಿಟಕಿಯ ಹತ್ತಿರ ಕೂತಿದ್ದಳು. ಇವತ್ತು ಬಹಳ ಕೆಲಸ ಇತ್ತಾ ಅಂತ ಕೇಳಿದಳು. ಇತ್ತು ಅಂದಳು ಅವಳು. ಇನ್ನೇನೋ ಕೇಳಲು ಅತ್ತೆ ಬಾಯಿ ತೆರೆದು, ಕೇಳದೆ, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಇಬ್ಬರೂ ಬೀದಿ ನೋಡುತ್ತ ಕೂತರು, ಇಬ್ಬರಿಗೂ ಏನೂ ಗೊತ್ತಿರಲಿಲ್ಲ.