ದಿನಕ್ಕೊಂದು ಚುಕ್ಕೆ

ಬೆಟ್ಟದ ಮಾದಪ್ಪನ ಮೇಲೆ ಆಣೆ ಹಾಕಿದಾಗ ನನಗೆ ಇಪ್ಪತ್ತು ವರ್ಷ. ದೇವರಲ್ಲಿ ನಂಬಿಕೆ ಹೋಗಿ ಆಗಲೇ ಒಂದು ವರ್ಷವಾಗಿತ್ತು. ಅದಕ್ಕೇ ಆಣೆ ಸಲೀಸಾಗಿ ಬಾಯಿಗೆ ಬಂತು.

ಆಣೆ ಕೇಳಿದವನು ಲಿಂಗಯ್ಯಣ್ಣ, ನನ್ನ ದೊಡ್ಡಪ್ಪನ ಮಗ. ಬೇಗೂರಿನಿಂದ ಎಲೆಕೋಸು, ಟೊಮೆಟೊ ತುಂಬಿಕೊಂಡು ಕ್ಯಾಲಿಕಟ್ಟಿಗೆ ಲಾರಿ ಓಡಿಸುತ್ತಿದ್ದ. ತೊಂಬತ್ತೈದರ ಜನವರಿಯಲ್ಲಿ ಕೇರಳದ ಘಾಟಿಯ ಒಂದು ತಿರುವಿನಲ್ಲಿ ಲಾರಿ ಮಗುಚಿತು. ಮೈಸೂರಿನ ಆಸ್ಪತ್ರೆಯವರು ಮೂರು ತಿಂಗಳು ಇಟ್ಟುಕೊಂಡು ಮನೆಗೆ ಕಳಿಸಿದರು. ಸೊಂಟದಿಂದ ಕೆಳಗೆ ಏನೂ ಉಳಿದಿರಲಿಲ್ಲ. ಉಚ್ಚೆ ಟ್ಯೂಬಿನಲ್ಲಿ ಇಳಿಯುತ್ತಿತ್ತು. ಬೆನ್ನ ಕೆಳಗೆ ಎರಡು ಹುಣ್ಣು, ಒಂದರೊಳಗೆ ಮುಷ್ಟಿ ಇಡಬಹುದು. ಅವನ ಹೆಂಡತಿ ಶಾಂತಿ ದಿನಕ್ಕೆ ಮೂರು ಸಲ ಅವನನ್ನು ಮಗ್ಗುಲಿಗೆ ಹೊರಳಿಸಿ ತೊಳೆದು ಬಟ್ಟೆ ಬದಲಿಸುತ್ತಿದ್ದಳು. ತಾಯಿ ಸೋಮಮ್ಮನಿಗೆ ಕಣ್ಣಿನಲ್ಲಿ ಪೊರೆ. ಅವಳು ಜಗಲಿಯಲ್ಲಿ ಕೂತು ಯಾರು ಬಂದರೂ, "ಯಾರಪ್ಪ?" ಎನ್ನುವುದನ್ನು ಬಿಟ್ಟು ಬೇರೇನೂ ಮಾಡಲಾರಳು.

ನಾನು ಚಾಮರಾಜನಗರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಭಾನುವಾರ ಗುಂಡ್ಲುಪೇಟೆಯಲ್ಲಿ ಬಸ್ ಬದಲಿಸಿ ಬೇಗೂರಿಗೆ ಹೋಗುತ್ತಿದ್ದೆ. ಜೂನ್ ತಿಂಗಳ ಒಂದು ಭಾನುವಾರ ಶಾಂತಿ ಅತ್ತಿಗೆ ಬಟ್ಟೆ ಒಗೆಯಲು ಹಿತ್ತಲಿಗೆ ಹೋದಾಗ ಅಣ್ಣ ನನ್ನ ಮುಂಗೈ ಹಿಡಿದ.

"ಗಿರೀಶ, ಗುಂಡ್ಲುಪೇಟೆ ಸ್ಟ್ಯಾಂಡ್ ಎದುರ್ಗೆ ಬೆಳೆಗೆ ಒಡಿಯೋ ಔಸ್ದಿ ಅಂಗಡಿ ಅದ. ನಂಗೊಂದು ಬಾಟ್ಲಿ ತಂದ್ಬುಡ್ಲಾ."

"ಸುಮ್ನಿರಣ್ಣ."

"ಸುಮ್ನೇ ಅಲ್ವಾ ಇರಾದು? ಇನ್ನೆಂಗಿದ್ದನಿ ನೋಡು."

ಚೀಲದಲ್ಲಿ ಲೈಬ್ರರಿಯ ಅಟ್ಲಾಸ್ ಇತ್ತು, ರಟ್ಟು ಕಿತ್ತು ಹೋಗಿದ್ದದ್ದು. ಅದನ್ನು ತೆಗೆದು ಅವನ ಎದೆಯ ಮೇಲೆ ಬಿಡಿಸಿದೆ. ಡ್ರೈವರನಿಗೆ ದಾರಿಯ ಮಾತೆತ್ತಿದರೆ ಬೇರೆ ಮಾತು ಮರೆಯುತ್ತದೆ ಎನ್ನುವುದು ಗೊತ್ತಿತ್ತು. ಹಾಳೆ ಪೆಸಿಫಿಕ್ ಸಾಗರದ್ದು. ಎರಡು ಪುಟ ಬರೀ ನೀಲಿ.

"ಇದೆಲ್ಲಾ ನೀರಾ?"

"ನೀರೇ."

"ಕ್ಯಾಲಿಕಟ್ಟಲ್ಲಿ ನೋಡಿದ್ದೆ ಕಣ್ಲಾ. ಲೋಡ್ ಇಳ್ಸಿ ಬೀಚಿಗೋಗಿ ಕಾಲ್ ತೊಳ್ಕೊಂಡಿದ್ದೆ. ಅಷ್ಟೇ ಅನ್ಕಂಡಿದ್ದೆ." ನೀಲಿಯ ಮೇಲೆ ಬೆರಳಾಡಿಸಿದ. "ಇದ್ನ ದಾಟಾದೆಂಗ? ನಡುವೆ ಆಲ್ಟ್ ಎಲ್ಲಿ?"

ದ್ವೀಪಗಳನ್ನು ತೋರಿಸಿದೆ. ನೊಣದ ಹಿಕ್ಕೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು. ಅವನು ಒಂದೊಂದರ ಹೆಸರು ಓದಿಸಿದ. ಅಲ್ಲಿ ಊಟಕ್ಕೆ ಏನು ಸಿಗುತ್ತದೆ, ಚೆಕ್‌ಪೋಸ್ಟ್ ಇದೆಯೇ ಎಂದು ಕೇಳಿದ. ಸಂಜೆ ಬಸ್ಸಿಗೆ ಹೊರಟಾಗ ಮತ್ತೆ ಕೈ ಹಿಡಿದ.

"ಸರಿ ಕಣ್ಲಾ, ಇದ್ನ ದಾಟನ. ಆ ದಡ ಮುಟ್ಟಗಂಟ ನಾನು ಬಾಟ್ಲಿ ಮಾತೆತ್ತಲ್ಲ. ಮುಟ್ಟಿದ ದಿನ ನೀನು ತಂದ್ಕೊಡ್ಬೇಕು. ಮಾದಪ್ಪನಾಣೆ ಆಕು."

ನಾನು ಅವನ ಕೈ ಮೇಲೆ ಕೈ ಇಟ್ಟು ಆಣೆ ಹಾಕಿದೆ. ಸಮುದ್ರ ಬಹಳ ದೊಡ್ಡದು ಎನ್ನಿಸಿತ್ತು. ಅಷ್ಟರಲ್ಲಿ ಹುಣ್ಣು ಮಾಯುತ್ತದೆ, ಮನಸ್ಸು ತಿರುಗುತ್ತದೆ ಎಂದುಕೊಂಡೆ.

ಮುಂದಿನ ವಾರ ಮೂರು ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಅಂಟಿಸಿ ನಕ್ಷೆ ಬರೆದುಕೊಂಡು ಹೋದೆ. ಮಂಚದ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಮದರಾಸಿನಿಂದ ಸಿಂಗಪುರಕ್ಕೆ ಪ್ಲೇನ್. ಅಲ್ಲಿಂದ ಪೋರ್ಟ್ ಮೋರ್ಸ್‌ಬಿ, ಅಲ್ಲಿಂದ ಹೊನಿಯಾರಾ. ಅಷ್ಟನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟ. ನನಗೆ ಗಾಬರಿಯಾಯಿತು. ಇದೇ ವೇಗದಲ್ಲಿ ಹೋದರೆ ಬರುವ ಭಾನುವಾರಕ್ಕೆ ದಕ್ಷಿಣ ಅಮೆರಿಕ.

"ಇಲ್ಲಿಂದ ಮುಂದಕ್ಕೆ ಪ್ಲೇನಿಲ್ಲಣ್ಣ," ಎಂದು ಸುಳ್ಳು ಹೇಳಿದೆ. "ಹಾಯಿದೋಣೀಲೇ ಹೋಗ್ಬೇಕು. ದೋಣಿಗೆ ಅಲ್ಲಿ ಒಂದು ದಿನ ಅಂದ್ರೆ ನಮಗೂ ಇಲ್ಲಿ ಒಂದು ದಿನ. ದಿನಕ್ಕೊಂದು ಚುಕ್ಕೆ."

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. "ದಿನಕ್ಕೆಷ್ಟು ಓಡ್ತದ?"

"ಇನ್ನೂರು ಕಿಲೋಮೀಟರ್."

"ಥೂ. ಎತ್ತಿನಗಾಡಿ."

ಲೈಬ್ರರಿಯಲ್ಲಿ ಇನ್ನಷ್ಟು ಓದಿದ ಮೇಲೆ ನನಗೆ ಇನ್ನೂ ಒಳ್ಳೆಯ ಸುದ್ದಿ ಸಿಕ್ಕಿತು. ಆ ಸಮುದ್ರದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ದಾಟುವವರೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಬರುತ್ತಾರೆ. ನಾವು ಎದುರುಗಾಳಿಗೆ ಹೊರಟಿದ್ದೆವು. ಎದುರುಗಾಳಿಯಲ್ಲಿ ದೋಣಿ ನೇರ ಹೋಗದು, ಓರೆಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ ಹೋಗಬೇಕು. ದಿನಕ್ಕೆ ನೂರು ಕಿಲೋಮೀಟರ್ ದಾಟಿದರೆ ಹೆಚ್ಚು. ಅಣ್ಣನಿಗೆ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ.

"ಘಾಟಿ ಅತ್ತೋ ಅಂಗೆ," ಎಂದ. ಗೆರೆಯ ತಿರುವುಗಳನ್ನು ಎಣಿಸುತ್ತ ಹೋಗಿ ಒಂದು ಕಡೆ ಬೆರಳು ನಿಲ್ಲಿಸಿದ. ಮತ್ತೆ ಎಣಿಸಲಿಲ್ಲ.

ನನ್ನ ಲೆಕ್ಕದಲ್ಲಿ ದಡ ಮುಟ್ಟುವುದು ನವೆಂಬರ್ ಕೊನೆಗೆ.

ಮಲಗಿದಲ್ಲಿಂದ ಗೋಡೆಯ ನಕ್ಷೆ ಅವನ ಕೈಗೆ ಎಟುಕುತ್ತಿರಲಿಲ್ಲ. ಚುಕ್ಕೆ ಇಡುವ ಕೆಲಸ ಅತ್ತಿಗೆಗೆ ಬಿತ್ತು. ಬೆಳಿಗ್ಗೆ ತೊಳೆದು ಬಟ್ಟೆ ಬದಲಿಸಿದ ಮೇಲೆ, ಕೈ ಒರೆಸಿಕೊಂಡು ನೀಲಿ ಪೆನ್ನಿನಲ್ಲಿ ಒಂದು ಚುಕ್ಕೆ. ಒಂದೊಂದು ದ್ವೀಪ ಬಂದಾಗಲೂ ಅಣ್ಣ ಹುರುಪಾಗುತ್ತಿದ್ದ. ವಿಲಾದಲ್ಲಿ ಎರಡು ದಿನ ಹಾಲ್ಟ್. ಸುವಾದಲ್ಲಿ ನಮ್ಮ ಕಡೆಯ ಜನರಿದ್ದಾರೆ, ಹಿಂದಿನ ಕಾಲದಲ್ಲಿ ಕಬ್ಬಿನ ಗದ್ದೆಗೆ ಹಡಗಿನಲ್ಲಿ ಒಯ್ದವರ ಮೊಮ್ಮಕ್ಕಳು ಎಂದು ನಾನು ಹೇಳಿದಾಗ, "ಅಂಗಾರೆ ಸಾರು ಮುದ್ದೆ ಸಿಕ್ತದ ಬುಡು," ಎಂದು ನಕ್ಕ.

ಸುವಾದಿಂದ ಆಪಿಯಾಕ್ಕೆ ಹೋಗುವಾಗ ನಡುವೆ ದಿನಾಂಕದ ಗೆರೆ. ಅದನ್ನು ಪೂರ್ವಕ್ಕೆ ದಾಟಿದವರಿಗೆ ಅದೇ ದಿನ ಎರಡು ಸಲ ಬರುತ್ತದೆ. ನನಗೆ ಒಂದು ದಿನ ಪುಕ್ಕಟೆ ಸಿಕ್ಕಿತು. ನಮ್ಮ ದೋಣಿ ಅದನ್ನು ದಾಟಿದ್ದು ಸೋಮವಾರ.

"ಅವ್ವೋ," ಅಣ್ಣ ಜಗಲಿಗೆ ಕೇಳುವಂತೆ ಕೂಗಿದ. "ಈ ಸಲ ಎರಡು ಸೋಮಾರ ಬತ್ತವ. ಎರಡು ದಿನ ಒಂದೊತ್ತು ಇರ್ಬೇಕು ನೀನು."

"ಮಾದಪ್ಪನ ದಿನ ಎಂಗ್ಲಾ ಎರಡಾಯ್ತದ? ನಿನ್ ಬಾಯಿಗೆ ಉಳ ಬೀಳ," ಎಂದಳು ಸೋಮಮ್ಮ ದೊಡ್ಡವ್ವ. ಆದರೆ ಮಂಗಳವಾರವೂ ರಾತ್ರಿ ಉಣ್ಣಲಿಲ್ಲವಂತೆ.

ನನಗೆ ನನ್ನ ಉಪಾಯದ ಬಗ್ಗೆ ಹೆಮ್ಮೆಯಿತ್ತು. ಹಾಸ್ಟೆಲಿನಲ್ಲಿ ಗೆಳೆಯ ಮಹಾಲಿಂಗನಿಗೆ, ಒಬ್ಬನ ಜೀವವನ್ನು ದೋಣಿಯಲ್ಲಿ ಹಾಕಿ ತೇಲಿಸುತ್ತಿದ್ದೇನೆ ಎಂದು ಹೇಳಿಕೊಂಡಿದ್ದೆ. ಅವನು, "ಬಟ್ಟೆ ಒಗಿಯೋರ್ ಯಾರು?" ಎಂದು ಕೇಳಿದ್ದ. ಆ ಪ್ರಶ್ನೆಯನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗಸ್ಟಿನಲ್ಲಿ ಟೆಸ್ಟ್ ಇದ್ದವು. ಎರಡು ಭಾನುವಾರ ಹೋಗಲಾಗಲಿಲ್ಲ. ಮೂರನೆಯದಕ್ಕೆ ಹೋದಾಗ ನಕ್ಷೆ ನೋಡಿ ನಿಂತೆ. ದೋಣಿ ಆಪಿಯಾ ಬಿಟ್ಟು ಹನ್ನೆರಡು ದಿನ ಆಗಿರಬೇಕು. ಟಾಹಿಟಿಗೆ ಅರ್ಧ ದಾರಿ ಉಳಿದಿರಬೇಕು. ಆದರೆ ಚುಕ್ಕೆಗಳು ಟಾಹಿಟಿಯನ್ನು ಮುಟ್ಟಿದ್ದವು. ಆಪಿಯಾದಿಂದ ಎಣಿಸಿದೆ. ಇಪ್ಪತ್ತನಾಲ್ಕು.

ಅಣ್ಣ ಕಣ್ಣು ಮುಚ್ಚಿ ಮಲಗಿದ್ದ. ವಾಸನೆ ಹೆಚ್ಚಾಗಿತ್ತು. ನಾನು ಹಿತ್ತಲಿಗೆ ಹೋದೆ. ಅತ್ತಿಗೆ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಳು. ಅಂಗೈಯ ಚರ್ಮ ಸುಲಿದು ಬೆಳ್ಳಗಾಗಿತ್ತು.

"ಅತ್ತಿಗೆ, ದಿನಕ್ಕೆ ಎರಡು ಚುಕ್ಕೆ ಇಟ್ಟಿದ್ದೀಯ."

ಅವಳು ಬಟ್ಟೆ ಹಿಂಡಿದಳು. "ಊಂ."

"ಯಾಕೆ? ಆ ದಡ ಮುಟ್ಟಿದ್ರೆ ಏನಾಗುತ್ತೆ ಗೊತ್ತಾ ನಿನಗೆ?"

"ಗೊತ್ತು. ಆಣೆ ಆಕ್ದಾಗ ನಾನು ಬಾಗ್ಲಲ್ಲೇ ಇದ್ದೆ." ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ನನ್ನ ಕಡೆ ತಿರುಗಿದಳು. "ನೀನು ಭಾನುವಾರ ಬಂದು ದೋಣಿ ನಿಧಾನುಕ್ಕೆ ಓಗ್ಲಿ ಅಂತೀಯ. ಎದುರ್ ಗಾಳಿ ಅಂತೀಯ. ಎರಡೆರಡು ಸೋಮಾರ ತತ್ತೀಯ. ಬಸ್ ಅತ್ಕಂಡು ಓಯ್ತೀಯ. ಆ ಸೋಮಾರ ಎರಡ್ನೂ ತೊಳ್ದೋಳು ನಾನು ಕಣಪ್ಪ. ಉಣ್ಣು ಒಳಗ್ಗೇ ಓಯ್ತಾ ಅದ. ಮೊನ್ನೆ ಮೂಳೆ ಕಾಣ್ತು. ಅವ್ರಿಗೆ ಏಳಿಲ್ಲ."

ಅವಳು ಮತ್ತೆ ಬಟ್ಟೆ ಎತ್ತಿಕೊಂಡಳು.

"ನಂಗಿಪ್ಪತ್ತಾರು ವರ್ಸ. ಅವ್ರು ಸಾಯ್ಲಿ ಅಂತ ಇಟ್ಟಿಲ್ಲ. ಮುಗೀಲಿ ಅಂತ ಇಟ್ಟೆ. ಎರಡೂ ಒಂದೇಯಾ, ಓದ್ದೋನು ನೀನೇ ಏಳು."

ಹಿತ್ತಲ ಬಾಗಿಲಿಗೂ ಅಣ್ಣನ ಮಂಚಕ್ಕೂ ನಡುವೆ ಒಂದು ಮಣ್ಣಿನ ಗೋಡೆ ಮಾತ್ರ. ಅದು ನನಗೆ ಒಳಗೆ ಬಂದಾಗ ನೆನಪಾಯಿತು. ಅಣ್ಣ ಕಣ್ಣು ತೆರೆದಿದ್ದ.

"ಅವ್ಳ್ನ ಏನೂ ಅನ್ಬೇಡ," ಎಂದ. "ಎರಡು ಇಡೋದ ಮೊದಲ್ನೇ ದಿನವೇ ನೋಡ್ದೆ. ಸುಮ್ನಾದೆ. ಗೇರ್ ಚೇಂಜ್ ಮಾಡೋಳ್ನ ಎಂಗ್ ತಡ್ಯಾದು."

"ಅಣ್ಣ, ಅದನ್ನ ಅಳಿಸಿ ಸರಿಮಾಡ್ತೀನಿ."

"ಏನೂ ಬ್ಯಾಡ. ಟಾಹಿಟಿ ದೊಡ್ಡೂರಾ?"

"ದೊಡ್ಡೂರೇ."

"ಪ್ಲೇನ್ ಬತ್ತದಾ?"

ನಾನು ನಕ್ಷೆಯ ಕಡೆ ತಿರುಗಿದೆ.

"ಅಷ್ಟ್ ದೊಡ್ಡೂರ್ಗೆ ಬರ್ದೆ ಇದ್ದದಾ? ಒನಿಯಾರಲ್ಲೂ ಇತ್ತು. ನಿನ್ ಮಕ ನೋಡ್ದಾಗ್ಲೇ ಗೊತ್ತಾಯ್ತು ಕಣ್ಲಾ. ಅನ್ನೆರಡು ವರ್ಸ ಚೆಕ್‌ಪೋಸ್ಟಲ್ಲಿ ಸುಳ್ಳು ಏಳಿವ್ನಿ, ಸುಳ್ಳು ನಂಗ್ ಗೊತ್ತಾಗಲ್ವಾ?" ಅವನ ಉಸಿರು ಚಿಕ್ಕದಾಗುತ್ತಿತ್ತು. "ಪೆನ್ ತಕ್ಕೊ. ಗೆರೆ ಎಳಿ. ಟಾಹಿಟಿಯಿಂದ ಆ ಒಂಟಿ ದ್ವೀಪ, ಅಲ್ಲಿಂದ ಆ ದಡ. ನೆಟ್ಟಗೆ ಎಳಿ."

ನಾನು ಪೆನ್ ಹಿಡಿಯಲಿಲ್ಲ. ಅಷ್ಟರಲ್ಲಿ ಅತ್ತಿಗೆ ಒಳಗೆ ಬಂದಳು. ಅವನು ದಿಂಬಿನ ಪಕ್ಕದ ಪೆನ್ನನ್ನು ಅವಳತ್ತ ಚಾಚಿದ. ಅವಳು ಅವನನ್ನು ನೋಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಗೋಡೆಯ ಹತ್ತಿರ ಹೋಗಿ ಟಾಹಿಟಿಯಿಂದ ಈಸ್ಟರ್ ದ್ವೀಪಕ್ಕೆ, ಅಲ್ಲಿಂದ ದಕ್ಷಿಣ ಅಮೆರಿಕದ ದಡದ ವಾಲ್ಪರೈಸೊಗೆ ಗೆರೆ ಎಳೆದಳು. ಎಳೆದು ಪೆನ್ನಿನ ಮುಚ್ಚಳ ಹಾಕಿ ನೀರು ಕಾಯಿಸಲು ಹೋದಳು.

"ಮುಟ್ತು," ಎಂದ ಅಣ್ಣ. "ಬರೋ ಭಾನುವಾರ ಬರುವಾಗ ತಾ."

ಆ ಭಾನುವಾರ ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಇಳಿದು ಔಷಧಿ ಅಂಗಡಿಯ ಎದುರು ಸ್ವಲ್ಪ ಹೊತ್ತು ನಿಂತೆ. ಅಂಗಡಿಯವನು, "ಏನಪ್ಪಾ, ಹುಳ ಬಿತ್ತಾ?" ಎಂದು ಕೇಳಿದ. ಇಲ್ಲ ಎಂದು ಬಸ್ ಹತ್ತಿದೆ. ನಾನು ತರುವುದಿಲ್ಲ ಎನ್ನುವುದು ಮೊದಲ ದಿನದಿಂದಲೇ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವನು ಅವನು.

"ತಂದ್ಯಾ?" ಎಂದ.

"ಇಲ್ಲಣ್ಣ. ತರಲ್ಲ. ಮೈಸೂರಿಗೆ ಕರ್ಕೊಂಡು ಹೋಗೋಣ, ಹುಣ್ಣು..."

"ಮಾದಪ್ಪನಾಣೆ ಆಕಿದ್ದೆ."

"ನಾನು ನಂಬಲ್ಲ ಅದನ್ನ."

"ನಂಬ್ದೆ ಇದ್ದೋನು ಯಾಕ್ಲಾ ಆಕ್ದೆ?" ಎಂದು ಕೇಳಿದ. ಸಿಟ್ಟಿನಿಂದಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು. ಉತ್ತರಕ್ಕೆ ಕಾದ. ಮುಖವನ್ನು ನಕ್ಷೆಯಿಲ್ಲದ ಗೋಡೆಯ ಕಡೆ ತಿರುಗಿಸಿಕೊಂಡ. ಆಮೇಲೆ ನನ್ನೊಡನೆ ಮಾತಾಡಲಿಲ್ಲ.

ಜ್ವರ ಬಂತು. ಕಾರು ಮಾಡಿಕೊಂಡು ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಹುಣ್ಣು ನೋಡಿ ತಡವಾಯಿತು ಎಂದರು. ಇಪ್ಪತ್ತೆರಡು ದಿನ ಬದುಕಿದ್ದ. ಕೊನೆಯ ಆರು ದಿನ ಕೂಗಿದ. ಪಕ್ಕದ ಮಂಚದವರು ಬೇರೆ ವಾರ್ಡು ಕೇಳಿ ಹೋದರು. ನಾನು ಎರಡು ದಿನ ಇದ್ದು ಹಾಸ್ಟೆಲಿಗೆ ಬಂದೆ. ಅತ್ತಿಗೆ ಇಪ್ಪತ್ತೆರಡು ದಿನವೂ ಇದ್ದಳು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ದೊಡ್ಡವ್ವ ನನ್ನನ್ನು ಜಗಲಿಗೆ ಕರೆದಳು. ಪೊರೆಯ ಕಣ್ಣನ್ನು ನನ್ನ ದನಿಯ ಕಡೆ ತಿರುಗಿಸಿದಳು.

"ಜ್ವರದಲ್ಲಿ ಅಂತಿದ್ನಂತೆ, ಗಿರೀಶ ಮಾದಪ್ಪನಾಣೆ ಆಕಿ ಸುಳ್ ಮಾಡ್ಬುಟ್ಟ ಅಂತ. ಏನ್ ತತ್ತೀನಿ ಅಂದಿದ್ದಪ್ಪ ನೀನು?"

"ಔಷಧಿ ದೊಡ್ಡವ್ವ."

"ತಂದ್ಕೊಟ್ಟಿದ್ರೆ ಉಳೀತಿದ್ನೇನೋ," ಎಂದಳು. "ಬೆಟ್ಟುಕ್ಕೋಗಿ ತಪ್ಪು ಕಾಣ್ಕೆ ಆಕ್ಬುಟ್ಟು ಬಾ. ನಿಂಗಾದ್ರೂ ಒಳ್ಳೇದಾಗ್ಲಿ."

ನಾನು ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಒಳಗೆ ಮಂಚವನ್ನು ಹೊರಗೆ ಹಾಕಿ ನೆಲ ಸಾರಿಸಿದ್ದರು. ನಕ್ಷೆ ಇರಲಿಲ್ಲ, ಮೊಳೆ ಮಾತ್ರ ಇತ್ತು. ಒಲೆಗೆ ಹಾಕಿದೆನೆಂದು ಅತ್ತಿಗೆ ಹೇಳಿದಳು. ಅಟ್ಲಾಸನ್ನು ಒಂದು ಹಳೆಯ ಪಂಚೆಯಲ್ಲಿ ಸುತ್ತಿ ಇಟ್ಟಿದ್ದಳು. ಅದನ್ನು ಕೊಟ್ಟು, ಅದರ ಮೇಲೆ ಅರಿಶಿನದ ಬಟ್ಟೆಯ ಸಣ್ಣ ಗಂಟೊಂದನ್ನು ಇಟ್ಟಳು.

"ಎರಡು ರೂಪಾಯಿ ಕಟ್ಟಿವ್ನಿ," ಎಂದಳು. "ಒಂದು ನಿಂದು. ಇನ್ನೊಂದು ನಂದು."

ಮುಂದಿನ ಸೋಮವಾರ ಚಾಮರಾಜನಗರದಿಂದ ಮಾದಪ್ಪನ ಬೆಟ್ಟದ ಬಸ್ ಹತ್ತಿದೆ. ಗಂಟಿನಲ್ಲಿ ನನ್ನದೊಂದೇ ಇದ್ದಿದ್ದರೆ ಹೋಗುತ್ತಿರಲಿಲ್ಲ.