ಬಾವುಟವಿಲ್ಲದ ಗಳ

ನಾನು ಒಂದು ಬಿದಿರ ಗಳ. ಕಾಳಿ ನದಿಯ ದಂಡೆಯ ಮೆಳೆಯಲ್ಲಿ ಹುಟ್ಟಿದವನು. ಕಡಿದು ಕಾರವಾರದ ಬಂದರಿಗೆ ತಂದಾಗ ಯಾರದೋ ಮನೆಯ ಮಾಡಿಗೆ ಹೋಗುತ್ತೇನೆ ಎಂದುಕೊಂಡಿದ್ದೆ. ಹಣೆಬರಹ ನೋಡಿ, ಸೇರಿದ್ದು ದಕ್ಷಿಣದ ಹಿಮಕಡಲಲ್ಲಿ ತಿಮಿಂಗಿಲ ಬೇಟೆಯಾಡುವ ಪರದೇಶದ ಹಡಗನ್ನು!

ನನ್ನ ಕೆಲಸ ಕೇಳಿದರೆ ನಿಮಗೆ ಹೇಸಿಗೆಯಾದೀತು. ಈಟಿ ತಗುಲಿ ತಿಮಿಂಗಿಲ ಸತ್ತ ಕೂಡಲೇ, ಮುಳುಗದಂತೆ ಹೊಟ್ಟೆಗೆ ಗಾಳಿ ತುಂಬಿ, ಬೆನ್ನಿಗೆ ನನ್ನನ್ನು ಚುಚ್ಚುತ್ತಿದ್ದರು. ನನ್ನ ತುದಿಗೆ ಕೆಂಪು ಬಾವುಟ. ಹೆಣವನ್ನು ತೇಲಲು ಬಿಟ್ಟು ಇನ್ನೊಂದರ ಬೆನ್ನು ಹತ್ತುವುದು, ಸಂಜೆ ಬಾವುಟ ಹುಡುಕಿ ಬಂದು ಎಳೆದೊಯ್ಯುವುದು. ಹೆಣ ಕೊಳೆತಿದ್ದರೆ ಬಾವುಟ ಮಾತ್ರ ಬಿಚ್ಚಿಕೊಂಡು ಹೋಗುತ್ತಿದ್ದರು. ಬೋಳು ಗಳ ಕಂಡರೆ ಯಾರೂ ಅತ್ತ ಸುಳಿಯುತ್ತಿರಲಿಲ್ಲ.

ನನ್ನನ್ನು ಚುಚ್ಚುವವನು ಅಂಕೋಲೆಯ ಜಟ್ಟಿ ಅಂಬಿಗ. ಹಡಗಿನ ಕಂಬದ ತುದಿಯಲ್ಲಿ ಕೂತು ದೂರ ನೋಡುವವನು ಅವನ ಭಾವ ಹಮ್ಮಣ್ಣ. ನಿನ್ನ ತಮ್ಮನನ್ನು ಜೋಪಾನವಾಗಿ ತಿರುಗಿ ಕರೆತರುವೆ ಎಂದು ಹಮ್ಮಣ್ಣ ಹೆಂಡತಿ ತುಳಸುವಿಗೆ ಆಣೆಯಿಟ್ಟು ಬಂದಿದ್ದ.

ಮೊದಮೊದಲು ದಿನಕ್ಕೆ ಹತ್ತು ಸಿಗುತ್ತಿದ್ದವು. ಆಮೇಲೆ ವಾರಕ್ಕೊಂದು, ಅದೂ ಮರಿ. ಕೊಂದು ಕೊಂದು ಕಡಲನ್ನೇ ಬರಿದು ಮಾಡಿದ್ದರು, ಪಾಪಿಗಳು.

ಹಾಗಾಗಿ ಒಂದು ದಿನ ಜಟ್ಟಿ ಹೆಣದ ಮೇಲೆ ನಿಂತು ನನ್ನನ್ನು ಚುಚ್ಚುತ್ತಿದ್ದಾಗ ದೂರದಲ್ಲಿ ಇನ್ನೊಂದು ತಿಮಿಂಗಿಲ ನೀರು ಚಿಮ್ಮಿಸಿದ್ದೇ ತಡ, ಕಪ್ತಾನ ತಾಳ್ಮೆ ಕಳೆದುಕೊಂಡ. ಜಟ್ಟಿಯನ್ನು ಅಲ್ಲೇ ಬಿಟ್ಟು ಹಡಗು ತಿರುಗಿಸಿದ.

"ಹೆದರೂದು ಬೇಡ, ಈಗ ಬಂದ್ವು!" ಮೇಲಿನಿಂದ ಹಮ್ಮಣ್ಣ ಕೂಗಿದ.

ಮಂಜು ಕವಿಯಿತು. ಚಳಿಗೆ ಜಟ್ಟಿಯ ಹಲ್ಲು ಕಟಕಟ ಎನ್ನತೊಡಗಿತು. ಪಾಪ, ಅವನಿಗೆ ಮತ್ತೇನು ತೋಚೀತು? ಬಾವುಟ ಬಿಚ್ಚಿ ಮೈಗೆ ಸುತ್ತಿಕೊಂಡು, ಹೆಣದ ಮರೆಯಲ್ಲಿ ಮುದುಡಿ ಮಲಗಿದ. ಬಿಚ್ಚಬೇಡವೋ ಎಂದು ಕಿರುಚಲು ನನಗೆ ಬಾಯಿಲ್ಲ.

ಸಂಜೆ ಮಂಜು ಸ್ವಲ್ಪ ಹರಿಯಿತು. ಕೆಂಪು ಬಾವುಟ ಹುಡುಕುತ್ತ ಹಡಗು ಹತ್ತಿರದಲ್ಲೇ ಬಂತು; ಮುದುಡಿದ ಜಟ್ಟಿಗೆ ಎಚ್ಚರವಿರಲಿಲ್ಲ. ಹಮ್ಮಣ್ಣನ ದನಿ ಸ್ಪಷ್ಟವಾಗಿ ಕೇಳಿಸಿತು: "ಬೋಳು ಗಳ! ಕೊಳೆತದ್ದು, ಮುಂದೆ ಹೋಗಿ!"

ಮರುದಿನ ಹುಡುಕಿ ಬಂದಾಗ ಜಟ್ಟಿಯ ಮೈ ಮರಗಟ್ಟಿತ್ತು. "ನಾನೇ ಹೋಗಿ ಅಂದೆ ಮಾರಾಯಾ, ನಾನೇ!" ಎಂದು ಹಮ್ಮಣ್ಣ ನನ್ನನ್ನು ತಬ್ಬಿಕೊಂಡು ಅತ್ತ.

ಊರಿಗೆ ಹೋದಾಗ ಮಾತ್ರ ತುಳಸುವಿಗೆ, ಮಂಜಿನಲ್ಲಿ ಏನೂ ಕಾಣಲಿಲ್ಲ ಎಂದ.

ಬೇಟೆ ನಿಂತಿತು, ಹಡಗು ಗುಜರಿಗೆ ಹೋಯಿತು. ಹಮ್ಮಣ್ಣ ನನ್ನನ್ನು ಹೊತ್ತು ತಂದು ಅಂಗಳದಲ್ಲಿ ಅಡ್ಡ ಕಟ್ಟಿದ. ಇಪ್ಪತ್ತು ವರ್ಷ ತುಳಸು ನನ್ನ ಮೇಲೆ ಬಟ್ಟೆ ಒಣಗಿಸಿದಳು.

ಇವತ್ತು ಅವಳು ಗೊಣಗಿದಳು: "ಸೀಳು ಬಿಟ್ಟದೆ. ಬೇರೆ ಗಳ ತರೂಕಾಗೂದಿಲ್ವಾ?"

"ಇದನ್ನ ತೆಗೀಬೇಡ" ಎಂದ ಹಮ್ಮಣ್ಣ. ಯಾಕೆ ಎಂದು ಕೇಳಿದ್ದೇ ಸಾಕಾಯಿತು, ಮುದುಕ ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟ.

ತುಳಸು ಅಳಲಿಲ್ಲ. ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿದಳು. "ನನ್ನ ತಮ್ಮ ಸತ್ತ ಗಳದ ಮೇಲೆ ನಿನ್ನ ಅಂಗಿ ಒಣಗಿಸ್ದೆನಲ್ಲ ಇಷ್ಟು ವರ್ಷ!" ಎಂದು ಕತ್ತಿ ತಂದು ಅವನ ಮುಂದೆ ಎಸೆದಳು. "ಕಡಿ. ನೀನೇ ಕಡಿ."

ಹಮ್ಮಣ್ಣ ಕತ್ತಿ ಎತ್ತಿದ್ದಾನೆ. ಎತ್ತಿದ ಕೈ ಕೆಳಗಿಳಿಯುತ್ತಿಲ್ಲ.

ಕಡಿಯಪ್ಪಾ, ಬೇಗ ಕಡಿ. ನನಗೂ ಸಾಕಾಗಿದೆ.